ಗಣಕಯಂತ್ರದ ಆರಂಭ ಹಾಗೂ ಸಾಧನಗಳ ನಿರ್ವಹಣೆ: ಸಾರ್ವಜನಿಕರ ಮಾಹಿತಿಗಾಗಿ

ಅರ್ಜಿ ಸಲ್ಲಿಸಲು ಅಥವಾ ಪ್ರಮಾಣಪತ್ರ ಪಡೆಯಲು ಕಚೇರಿಗೆ ಬರುವ ಸಾರ್ವಜನಿಕರಿಗೆ "ಸಿಸ್ಟಂ ಇನ್ನೂ ಆನ್ ಆಗಿಲ್ಲ", "ಪ್ರಿಂಟರ್ ಸಿಗುತ್ತಿಲ್ಲ" ಎಂಬ ಉತ್ತರ ಒಮ್ಮೊಮ್ಮೆ ದೊರೆಯುವುದುಂಟು. ಗುಂಡಿ ಒತ್ತಿದ ಕ್ಷಣದಿಂದ ಅರ್ಜಿಯ ನಮೂನೆ ತೆರೆಯುವವರೆಗೆ ಗಣಕಯಂತ್ರದೊಳಗೆ ನಡೆಯುವುದೇನು, ಅದು ಎಲ್ಲಿ ತಡೆದು ನಿಲ್ಲುತ್ತದೆ ಎಂಬುದನ್ನು ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ಆಧಾರದಲ್ಲಿ ಇಲ್ಲಿ ವಿವರಿಸಲಾಗಿದೆ. ಸಿ-ಡ್ಯಾಕ್ ಸಂಸ್ಥೆಯು ರೂಪಿಸಿರುವ ಭಾರತೀಯ 'ಬಾಸ್' ವ್ಯವಸ್ಥೆಯು ಲಿನಕ್ಸ್‌ನ ಡೆಬಿಯನ್ ಆವೃತ್ತಿಯನ್ನು ಆಧರಿಸಿರುವುದರಿಂದ, ಡೆಬಿಯನ್‌ನಲ್ಲಿ ಆದ ಬದಲಾವಣೆಗಳು ನಮ್ಮ ದೇಶದ ಬಳಕೆದಾರರಿಗೂ ಸಂಬಂಧಿಸಿದವಾಗಿವೆ.

ಹಿಂದಿನ ಕ್ರಮ

ಯಂತ್ರ ಚಾಲನೆಗೊಂಡಾಗ ವ್ಯವಸ್ಥೆಯ ತಿರುಳಾದ ಕರ್ನೆಲ್ ಮೊದಲು ಸ್ಮೃತಿಗೆ ಬರುತ್ತದೆ. ಅನಂತರ ಅದು 'ಇನಿಟ್' ಎಂಬ ಒಂದನೆಯ ಸಂಖ್ಯೆಯ ಕಾರ್ಯಕ್ರಮವನ್ನು ಆರಂಭಿಸುತ್ತದೆ. ಉಳಿದೆಲ್ಲ ಸೇವೆಗಳನ್ನು ಎಬ್ಬಿಸುವ ಹೊಣೆ ಇದರದು. 1983ರ ಯುನಿಕ್ಸ್ ಸಿಸ್ಟಮ್ ಫೈವ್‌ನಿಂದ ಬಂದ ಪದ್ಧತಿಯಲ್ಲಿ ಪ್ರತಿಯೊಂದು ಸೇವೆಗೂ ಒಂದು ಆದೇಶಪಟ್ಟಿಯ ಕಡತವಿದ್ದು, ಹೆಸರಿನಲ್ಲಿರುವ ಸಂಖ್ಯೆಯ ಅನುಕ್ರಮದಲ್ಲಿ ಅವು ಒಂದರ ಹಿಂದೊಂದು ನಡೆಯುತ್ತಿದ್ದವು. ಕಡತವನ್ನು ತೆರೆದು ಓದಬಲ್ಲವರಿಗೆ ದೋಷವಿರುವ ಸಾಲು ಕಣ್ಣಿಗೆ ಬೀಳುತ್ತಿತ್ತು. ಆದರೆ ಮೊದಲಿನದು ತಡವಾದರೆ ಉಳಿದವೆಲ್ಲ ಕಾಯಬೇಕಾಗುತ್ತಿತ್ತು. ನಡುವೆ ನಿಂತುಹೋದ ಸೇವೆಯನ್ನು ಮತ್ತೆ ಎಬ್ಬಿಸುವ ಏರ್ಪಾಡು ಸಾಮಾನ್ಯವಾಗಿ ಇರುತ್ತಿರಲಿಲ್ಲ.

ಸಾಧನಗಳ ವಿಷಯವೂ ಹೀಗೆಯೇ ಇದ್ದಿತು. ಡಿಸ್ಕ್, ಪ್ರಿಂಟರ್ ಮೊದಲಾದವುಗಳಿಗೆ 'ಡೆವ್' ಎಂಬ ಕೋಶದಲ್ಲಿ ಮುಂಚಿತವಾಗಿಯೇ ಕಡತಗಳನ್ನು ಸೃಷ್ಟಿಸಿಡಲಾಗುತ್ತಿತ್ತು. ಸಾಧನ ಇರಲಿ ಬಿಡಲಿ, ಹೆಸರು ಇರುತ್ತಿತ್ತು. ಕಟ್ಟದಿರುವ ಮನೆಗಳಿಗೂ ಬಾಗಿಲ ಸಂಖ್ಯೆ ಬರೆದಿಟ್ಟಂತೆ. ಯುಎಸ್‌ಬಿ ಸಾಧನಗಳು ಬಂದ ಮೇಲೆ ಇದು ಸಾಲದಾಯಿತು. ಎರಡು ಪ್ರಿಂಟರುಗಳಿದ್ದಲ್ಲಿ ಯಾವುದು ಮೊದಲು ಪತ್ತೆಯಾಗುತ್ತದೆಯೋ ಅದಕ್ಕೆ ಮೊದಲ ಹೆಸರು ಸಿಗುತ್ತಿತ್ತು. ಮರುದಿನ ಹೆಸರುಗಳು ಅದಲುಬದಲಾಗುವ ಸಂಭವವಿತ್ತು. 2001ರಲ್ಲಿ ಬಿಡುಗಡೆಯಾದ ಕರ್ನೆಲ್ 2.4ರೊಂದಿಗೆ ಬಂದ 'ಡೆವ್‌ಎಫ್‌ಎಸ್' ಹೆಸರಿಡುವ ಕೆಲಸವನ್ನು ಕರ್ನೆಲ್‌ಗೇ ವಹಿಸಿತು. ಇದು ನಿಲ್ಲಲಿಲ್ಲ, 2006ರಲ್ಲಿ ಅದನ್ನು ತೆಗೆದುಹಾಕಲಾಯಿತು. ಗ್ರೆಗ್ ಕ್ರೋಹ್-ಹಾರ್ಟ್‌ಮನ್ ಅವರು 2003ರಲ್ಲಿ ಮುಂದಿಟ್ಟ 'ಯುಡೆವ್' ಮಾತ್ರ ನೆಲೆಯೂರಿತು. ಸಾಧನ ಬಂದಿದೆ ಎಂದು ಕರ್ನೆಲ್ ತಿಳಿಸುತ್ತದೆ. ಹೊರಗಿರುವ ಯುಡೆವ್, ಸಾಧನದ ಕ್ರಮಸಂಖ್ಯೆ ಮುಂತಾದ ಗುರುತುಗಳನ್ನು ನೋಡಿ, ನಿಯಮಗಳ ಪ್ರಕಾರ ಹೆಸರು ಕೊಡುತ್ತದೆ. ಯಾವ ರಂಧ್ರಕ್ಕೆ ಸಿಕ್ಕಿಸಿದರೂ ಪ್ರಿಂಟರ್ ಅದೇ ಹೆಸರಿನಲ್ಲಿ ದೊರೆಯುವಂತೆ ಮಾಡಲು ಇದರಿಂದ ಸಾಧ್ಯವಾಯಿತು.

ಸಿಸ್ಟಮ್‌ಡಿ ಮತ್ತು ಆಕ್ಷೇಪಗಳು

2010ರಲ್ಲಿ ಲೆನಾರ್ಟ್ ಪಾಟರಿಂಗ್ ಹಾಗೂ ಕೇ ಸೀವರ್ಸ್ ಅವರು 'ಸಿಸ್ಟಮ್‌ಡಿ'ಯನ್ನು ಆರಂಭಿಸಿದರು. ಇದು ಸೇವೆಗಳನ್ನು ಏಕಕಾಲದಲ್ಲಿ ಎಬ್ಬಿಸುತ್ತದೆ, ಯಾವುದು ಯಾವುದನ್ನು ಅವಲಂಬಿಸಿದೆ ಎಂಬುದನ್ನು ಅರಿತಿರುತ್ತದೆ ಮತ್ತು ಸೂಚನೆಯಿದ್ದಲ್ಲಿ ನಿಂತುಹೋದ ಸೇವೆಯನ್ನು ಪುನಃ ಆರಂಭಿಸುತ್ತದೆ. 2011ರಲ್ಲಿ ಫೆಡೋರಾ 15 ಇದನ್ನು ಅಳವಡಿಸಿಕೊಂಡಿತು. 2012ರಲ್ಲಿ ಯುಡೆವ್ ಇದರೊಳಗೇ ವಿಲೀನವಾಯಿತು. ದೀರ್ಘ ವಾದವಿವಾದದ ನಂತರ 2014ರಲ್ಲಿ ಡೆಬಿಯನ್‌ನ ತಾಂತ್ರಿಕ ಸಮಿತಿ ಇದರ ಪರವಾಗಿ ತೀರ್ಮಾನಿಸಿತು. 2015ರ ಡೆಬಿಯನ್ 8ರಲ್ಲಿ ಅದು ಜಾರಿಗೆ ಬಂದಿತು. ಒಪ್ಪದವರು ಸುಮ್ಮನಿರಲಿಲ್ಲ. ಜೆಂಟೂ ತಂಡದ ಕೆಲವರು ಯುಡೆವ್‌ನ ಪ್ರತ್ಯೇಕ ಕವಲೊಂದನ್ನು ತೆಗೆದರು. ಡೆಬಿಯನ್‌ನಿಂದ ಬೇರ್ಪಟ್ಟ 'ಡೆವುವಾನ್' 2017ರಲ್ಲಿ ತನ್ನ ಮೊದಲ ಸ್ಥಿರ ಆವೃತ್ತಿಯನ್ನು ಹೊರತಂದಿತು. ಒಂದೇ ತಂತ್ರಾಂಶ ಇಷ್ಟೊಂದು ಹೊಣೆ ಹೊರುವುದು ಸರಿಯಲ್ಲ ಎಂಬುದು ಅವರ ಮುಖ್ಯ ಆಕ್ಷೇಪ. ಅದು ತಳ್ಳಿಹಾಕುವಂತಹುದಲ್ಲ. ಆದರೆ ಡಿಸ್ಕ್ ಬಂದಿದೆಯೇ ಎಂದು ತಿಳಿಯದೆ ಅದರಲ್ಲಿರುವ ಸೇವೆಯನ್ನು ಆರಂಭಿಸಲಾಗದು ಎಂಬುದೂ ಅಷ್ಟೇ ನಿಜ.

ಕೌಂಟರಿನಲ್ಲಿ ಕಾಣುವ ಒಂದು ತೊಂದರೆ

ಎರಡೂ ಪದ್ಧತಿಗಳ ಅಂತರ ಒಂದು ಸಾಮಾನ್ಯ ಸಂದರ್ಭದಲ್ಲಿ ಸ್ಪಷ್ಟವಾಗುತ್ತದೆ. ದಾಖಲೆಗಳ ಪ್ರತಿ ತೆಗೆಯಲು ಹೊರಗಿನ ಡಿಸ್ಕ್ ಒಂದನ್ನು ಜೋಡಿಸಿ, ಅದರ ವಿವರವನ್ನು 'ಎಫ್‌ಎಸ್‌ಟ್ಯಾಬ್' ಎಂಬ ಕಡತದಲ್ಲಿ ನಮೂದಿಸಲಾಗಿದೆ ಎಂದು ಭಾವಿಸೋಣ. ಒಂದು ಸಂಜೆ ಡಿಸ್ಕನ್ನು ಯಾರೋ ಕಳಚಿಟ್ಟಿರುತ್ತಾರೆ. ಹಳೆಯ ಪದ್ಧತಿಯಲ್ಲಿ ಯಂತ್ರವು ಡಿಸ್ಕ್ ಸಿಗಲಿಲ್ಲ ಎಂಬ ಸಂದೇಶ ತೋರಿಸಿ ಸಾಮಾನ್ಯವಾಗಿ ಮುಂದುವರಿಯುತ್ತಿತ್ತು; ಪ್ರತಿ ತೆಗೆಯುವ ಕೆಲಸ ನಿಂತಿದೆ ಎಂಬುದು ತಿಂಗಳುಗಟ್ಟಲೆ ಯಾರ ಗಮನಕ್ಕೂ ಬಾರದಿರಬಹುದಿತ್ತು. ಸಿಸ್ಟಮ್‌ಡಿ ಇದ್ದಲ್ಲಿ ಪರದೆಯ ಮೇಲೆ 1 ನಿಮಿಷ 30 ಸೆಕೆಂಡುಗಳ ಎಣಿಕೆ ನಡೆದು, ಬಳಿಕ ಯಂತ್ರವು ತುರ್ತು ಸ್ಥಿತಿಗೆ ಹೋಗಿ ನಿರ್ವಾಹಕರ ಗುಪ್ತಪದವನ್ನು ಕೇಳುತ್ತದೆ. ಕೌಂಟರಿನ ಸಿಬ್ಬಂದಿಯ ಬಳಿ ಆ ಗುಪ್ತಪದ ಇರುವುದಿಲ್ಲ. ಹೊರಗೆ ಸರದಿ ಬೆಳೆಯುತ್ತದೆ. ದಾಖಲೆಯ ದೃಷ್ಟಿಯಿಂದ ಹೊಸ ಪದ್ಧತಿ ಮಾಡಿದ್ದು ಸರಿ. ಸರದಿಯಲ್ಲಿ ನಿಂತವರ ದೃಷ್ಟಿಯಿಂದ ಹಳೆಯದೇ ಲೇಸು. ತೊಡಕು ಎರಡರಲ್ಲಿಯೂ ಇದೆ. ಹಳೆಯದರಲ್ಲಿ ಅದನ್ನು ನಿರ್ವಾಹಕರು ಹೊರಬೇಕಿತ್ತು, ಹೊಸದರಲ್ಲಿ ಅದು ತಂತ್ರಾಂಶದೊಳಗೆ ಸೇರಿದೆ.

ಇದಕ್ಕೆ ಪರಿಹಾರ ಚಿಕ್ಕದು. ಎಫ್‌ಎಸ್‌ಟ್ಯಾಬ್‌ನಲ್ಲಿ ಆ ಡಿಸ್ಕಿನ ಸಾಲಿಗೆ 'ನೋಫೇಲ್' ಎಂಬ ಪದವನ್ನು ಸೇರಿಸಿದಲ್ಲಿ ಡಿಸ್ಕ್ ಇಲ್ಲದಿದ್ದರೂ ಯಂತ್ರ ಆರಂಭವಾಗುತ್ತದೆ. ಡಿಸ್ಕನ್ನು ಪತ್ತೆಯಾದ ಕ್ರಮದ ಹೆಸರಿನಿಂದ ಗುರುತಿಸದೆ, ಬದಲಾಗದ 'ಯುಯುಐಡಿ' ಗುರುತಿನಿಂದ ನಮೂದಿಸುವುದು ಸೂಕ್ತ.

ತಮ್ಮ ಸ್ವಂತ ಲಿನಕ್ಸ್ ಗಣಕಯಂತ್ರದಿಂದ ಅರ್ಜಿ ಸಲ್ಲಿಸುವವರು, ಯಂತ್ರ ಆರಂಭವಾಗಲು ತಡವಾಗುತ್ತಿದ್ದಲ್ಲಿ, 'ಸಿಸ್ಟಮ್‌ಡಿ-ಅನಲೈಜ್ ಬ್ಲೇಮ್' ಎಂಬ ಆದೇಶ ನೀಡಿ ಯಾವ ಸೇವೆ ಎಷ್ಟು ಸಮಯ ತೆಗೆದುಕೊಂಡಿತೆಂದು ನೋಡಬಹುದು. ಆರಂಭದ ಸಂದೇಶಗಳು 'ಜರ್ನಲ್‌ಸಿಟಿಎಲ್' ಎಂಬ ಆದೇಶದಿಂದ ದೊರೆಯುತ್ತವೆ. ದುರಸ್ತಿ ಮಾಡುವವರನ್ನು ಕರೆಯುವ ಮೊದಲು ಈ ಎರಡರ ವಿವರ ಬರೆದಿಟ್ಟುಕೊಳ್ಳುವುದು ಒಳಿತು.