ನಿಮಗಿದು ಗೊತ್ತೆ? ಬಚ್ಚಲ ಪೈಪಿನೊಳಗೆ ಗಾಳಿಮಾಪಕ!

ಜರ್ಮನಿಯ ಸ್ಟುಟ್‌ಗಾರ್ಟ್ ನಗರದ ಎಷ್ಟೋ ಮನೆಗಳ ಬಾಲ್ಕನಿಯಲ್ಲಿ ಬಚ್ಚಲ ಪೈಪಿನ ಬಾಗಿದ ತುಂಡುಗಳು, ಅಂದರೆ ಎಲ್ಬೋಗಳು, ನೇತಾಡುತ್ತಿರುತ್ತವೆ. ಅವುಗಳಲ್ಲಿ ನೀರು ಹರಿಯುವುದಿಲ್ಲ. ಒಳಗಿರುವುದು ಗಾಳಿಯ ದೂಳು ಅಳೆಯುವ ಸೆನ್ಸರ್!

ಪೈಪಿನ ಅಂಗಡಿಯಲ್ಲಿ ಸಿಗುವ ಎರಡು ಎಲ್ಬೋಗಳನ್ನು ಒಂದಕ್ಕೊಂದು ಸಿಕ್ಕಿಸಿದರೆ ಸೆನ್ಸರಿಗೆ ಗೂಡು ಸಿದ್ಧ. ಬಾಯಿ ಕೆಳಮುಖವಾಗಿರುವುದರಿಂದ ಮಳೆನೀರು ಒಳಗೆ ನುಗ್ಗದು, ಗಾಳಿ ಮಾತ್ರ ಆಡುತ್ತದೆ. ಪುಟ್ಟ ಫ್ಯಾನ್ ಗಾಳಿಯನ್ನು ಒಳಗೆಳೆಯುತ್ತದೆ. ಲೇಸರ್ ಬೆಳಕು ದೂಳಿನ ಕಣಕ್ಕೆ ಬಡಿದು ಚದುರುತ್ತದೆ. ಚದುರಿದ ಬೆಳಕಿನಿಂದಲೇ ಕಣಗಳ ಲೆಕ್ಕ. ಶ್ವಾಸಕೋಶದ ಆಳಕ್ಕಿಳಿಯುವ ಪಿಎಂ 2.5 ಕಣಗಳೂ ಈ ಲೆಕ್ಕಕ್ಕೆ ಸಿಗುತ್ತವೆ. ಅವು ತಲೆಗೂದಲಿನ ದಪ್ಪದ ಸುಮಾರು ಇಪ್ಪತ್ತನೇ ಒಂದು ಪಾಲಿಗಿಂತಲೂ ಸಣ್ಣವು. ಕೆಲವೇ ನಿಮಿಷಕ್ಕೊಮ್ಮೆ ಈ ಅಂಕಿಗಳು ವೈಫೈ ಮೂಲಕ ಎಲ್ಲರೂ ನೋಡಬಹುದಾದ ನಕ್ಷೆಗೆ ಸೇರುತ್ತವೆ.

ಸ್ಟುಟ್‌ಗಾರ್ಟ್ ಇರುವುದು ಬೆಟ್ಟಗಳ ನಡುವಿನ ತಗ್ಗಿನಲ್ಲಿ. ಗಾಳಿ ಬೀಸದ ದಿನ ವಾಹನಗಳ ಹೊಗೆ, ದೂಳು ಅಲ್ಲೇ ತಂಗುತ್ತವೆ. ತಮ್ಮ ಬೀದಿಯ ಗಾಳಿ ಹೇಗಿದೆ ಎಂದು ತಾವೇ ತಿಳಿಯಲು ಅಲ್ಲಿನ ಸ್ವಯಂಸೇವಕರು 2015ರಲ್ಲಿ ಈ ಕೆಲಸ ಶುರು ಮಾಡಿದರು. ಈಗ ‘ಸೆನ್ಸರ್ ಡಾಟ್ ಕಮ್ಯುನಿಟಿ’ ಹೆಸರಿನ ಈ ಜಾಲ ಹತ್ತಾರು ದೇಶಗಳಿಗೆ ಹಬ್ಬಿದೆ. ಮಾಪಕ ಜೋಡಿಸಲು ಬೆಸುಗೆಯೂ ಬೇಕಿಲ್ಲ; ಶಾಲಾ ಮಕ್ಕಳೂ ಜೋಡಿಸಬಹುದು.

ಒಂದು ಎಚ್ಚರಿಕೆ: ಮಂಜು ಕವಿದಾಗ ಈ ಸೆನ್ಸರ್ ನೀರಿನ ಹನಿಯನ್ನೂ ದೂಳೆಂದು ಎಣಿಸಿಬಿಡುತ್ತದೆ. ಆದ್ದರಿಂದ ಒಂದೇ ಮಾಪಕವನ್ನು ನಂಬಬಾರದು. ಅಕ್ಕಪಕ್ಕದ ಮಾಪಕಗಳ ಅಂಕಿಯನ್ನೂ ಗಾಳಿಯ ತೇವಾಂಶವನ್ನೂ ಜೊತೆಗಿಟ್ಟು ನೋಡಿದರೇನೇ ಸರಿಯಾದ ಚಿತ್ರ ಸಿಗುವುದು.