ಬಿದಿರ ಮಾಡಿನ ಕೆಳಗೆ ಯಾರೋ ತಿರುಗಿ ನೋಡಿದರು!

ದೇವನಹಳ್ಳಿಗೆ ವಿಮಾನ ನಿಲ್ದಾಣ ಒಂದೇ ಅಂದುಕೊಂಡಿದ್ದೀರಾ? 2008ರ ಮೇ 24ರಿಂದ ವಿಮಾನಗಳು ಏರಿಳಿಯುತ್ತಿರುವ ಕೆಂಪೇಗೌಡ ನಿಲ್ದಾಣವನ್ನು ಎಲ್ಲರೂ ಬಲ್ಲರು. ಅದಕ್ಕೊಂದು ಅವಳಿ ಹುಟ್ಟಿದ್ದು ಎಷ್ಟು ಜನಕ್ಕೆ ಗೊತ್ತು? 2023ರಲ್ಲಿ ನಿಲ್ದಾಣದ ಆಡಳಿತ ಸಂಸ್ಥೆ ಬಿಐಎಎಲ್, ‘ಬಿಎಲ್‌ಆರ್ ಮೆಟಾಪೋರ್ಟ್’ ಹೆಸರಿನಲ್ಲಿ ಎರಡನೇ ಟರ್ಮಿನಲ್ಲನ್ನೇ ಕಂಪ್ಯೂಟರಿನೊಳಗೆ ಮೂರು ಆಯಾಮದಲ್ಲಿ ಎಬ್ಬಿಸಿ ನಿಲ್ಲಿಸಿತು. ಟಿಕೆಟ್ ಬೇಡ, ಲಗೇಜ್ ಬೇಡ. ಮನೆಯಲ್ಲಿ ಚಕ್ಕೋತ ಬಿಡಿಸಿಕೊಂಡು ತಿನ್ನುತ್ತಲೇ ಟರ್ಮಿನಲ್ ಸುತ್ತಬಹುದು, ಅಂಗಡಿ ನೋಡಬಹುದು, ಅಷ್ಟೇ ಅಲ್ಲ, ಇತರ ಪ್ರಯಾಣಿಕರ ಜೊತೆ ಬೆರೆಯಲೂಬಹುದು ಎಂಬುದು ಆಗಿನ ಭರವಸೆ.

ಬೆರೆಯುವುದು! ಮೈಯಿಲ್ಲದವರು, ಉಸಿರಿಲ್ಲದವರು, ಬರೀ ಬಣ್ಣದ ಚುಕ್ಕಿಗಳಾದವರು ಒಬ್ಬರನ್ನೊಬ್ಬರು ಗುರುತಿಸುವುದಾದರೂ ಹೇಗೆ? ನನ್ನನ್ನು ಹಿಡಿದು ನಿಲ್ಲಿಸಿದ ಪ್ರಶ್ನೆ ಇದೇ.

ನಿಜವಾದ ಟರ್ಮಿನಲ್ಲಿನದೇ ಒಂದು ಬೆರಗು. 2022ರ ನವೆಂಬರ್ 11ರಂದು ಉದ್ಘಾಟನೆಯಾದ ಆ ‘ಉದ್ಯಾನದೊಳಗಿನ ಟರ್ಮಿನಲ್’ನಲ್ಲಿ ತಲೆಯ ಮೇಲೆ ಬಿದಿರಿನ ಹೆಣಿಗೆ, ಅಲ್ಲಲ್ಲಿ ತೂಗುವ ಹಸಿರು, ಹತ್ತು ಸಾವಿರ ಚದರ ಮೀಟರಿಗೂ ಮಿಕ್ಕಿದ ಗಿಡಬಳ್ಳಿ. ಆದರೆ ಅಲ್ಲಿ ಕೂತವರಲ್ಲಿ ಹೆಚ್ಚಿನವರ ಕಣ್ಣು ಮೊಬೈಲ್ ಮೇಲೆ. ಪಕ್ಕದಲ್ಲಿ ಯಾರಿದ್ದಾರೆಂಬ ಖಬರೇ ಇಲ್ಲ. ಮಾಯಾಲೋಕದಲ್ಲಿ ಹಾಗಾಗುವಂತಿಲ್ಲ. ಅಲ್ಲಿ ಇನ್ನೊಬ್ಬರು ಕಣ್ಣಿಗೆ ಬೀಳುವುದಕ್ಕೇ ದೊಡ್ಡ ಏರ್ಪಾಟು ಬೇಕು.

ಇಂಥ ಲೋಕಗಳಲ್ಲಿ ಸಾಮಾನ್ಯವಾಗಿ ನಡೆಯುವುದನ್ನು ನಿಧಾನಿಸಿ ನೋಡಿ. ಅಲ್ಲಿ ನಿಮ್ಮ ಪರವಾಗಿ ಓಡಾಡುವ ಗೊಂಬೆ (ಅವತಾರ್) ಎಡಕ್ಕೆ ತಿರುಗಿತು. ಎಲ್ಲಿದೆ, ಎತ್ತ ಮುಖ ಮಾಡಿದೆ ಎಂಬ ಸುದ್ದಿ ಸೆಕೆಂಡಿಗೆ ಹಲವು ಬಾರಿ ದೂರದ ಸರ್ವರಿಗೆ ಓಡುತ್ತದೆ. ಸರ್ವರ್ ಅದನ್ನು ಊರಿಗೆಲ್ಲ ಸಾರುವುದಿಲ್ಲ. ಸಾರಿದರೆ ಇಡೀ ವ್ಯವಸ್ಥೆಯೇ ಕುಸಿದೀತು. ನಿಮ್ಮ ಸುತ್ತಲಿನ ಒಂದು ವ್ಯಾಪ್ತಿಯೊಳಗೆ ಇರುವವರಿಗಷ್ಟೇ ದಾಟಿಸುತ್ತದೆ. ಅಂದರೆ ಆ ಗಡಿಯ ಆಚೆ ಇರುವವರ ಪಾಲಿಗೆ ನೀವು ಇಲ್ಲವೇ ಇಲ್ಲ!

ಇನ್ನೂ ವಿಚಿತ್ರ ಕೇಳಿ. ಸುದ್ದಿ ಬರುವಷ್ಟರಲ್ಲಿ ಅದು ಹಳತಾಗಿರುತ್ತದೆ. ಹಾಗಾಗಿ ನಿಮ್ಮ ಎದುರು ನಡೆದು ಬರುವ ವ್ಯಕ್ತಿ ಈ ಕ್ಷಣದಲ್ಲಿ ಎಲ್ಲಿರಬಹುದು ಎಂದು ನಿಮ್ಮ ಕಂಪ್ಯೂಟರ್ ಎಷ್ಟೋ ಸಲ ಲೆಕ್ಕ ಹಾಕಿ ಚಿತ್ರ ಬಿಡಿಸುತ್ತದೆ. ನೀವು ‘ನೋಡಿದೆ’ ಎನ್ನುವುದು ಊಹೆಯನ್ನು! 1980ರ ದಶಕದಲ್ಲಿ ಅಮೆರಿಕದ ಸೇನೆಯ ಟ್ಯಾಂಕ್ ತರಬೇತಿಗೆಂದು ಕಟ್ಟಿದ ‘ಸಿಮ್‌ನೆಟ್’ನಲ್ಲೇ ಈ ಉಪಾಯವಿತ್ತು. ಯುದ್ಧ ಕಲಿಸಲು ಬಂದ ಗಣಿತ ಈಗ ಹರಟೆ ಹೊಡೆಯುವವರ ಕೈಲಿದೆ.

ಕಂಡದ್ದಾಯಿತು, ಇನ್ನು ಮಾತು. ಇದನ್ನು ಹತ್ತಿರದಿಂದ ನೋಡಲು 2003ರಲ್ಲಿ ಶುರುವಾದ ‘ಸೆಕೆಂಡ್ ಲೈಫ್’ ಎಂಬ ಮಾಯಾಲೋಕಕ್ಕಿಂತ ಒಳ್ಳೆಯ ಜಾಗ ಇಲ್ಲ. ಅಲ್ಲಿ ಟೈಪ್ ಮಾಡಿದ ಮಾತು 20 ಮೀಟರ್ ದೂರದವರೆಗೆ ಮುಟ್ಟುತ್ತದೆ. ಪಿಸುಮಾತು 10 ಮೀಟರ್, ಕೂಗು 100 ಮೀಟರ್. ನೀವು ಕೀಲಿ ಒತ್ತತೊಡಗಿದರೆ ನಿಮ್ಮ ಗೊಂಬೆ ಗಾಳಿಯಲ್ಲೇ ಎರಡೂ ಕೈಯೆತ್ತಿ ಟೈಪ್ ಮಾಡುತ್ತದೆ, ಟಕಟಕ ಸದ್ದೂ ಕೇಳುತ್ತದೆ. ‘ತಡೀರಿ, ಇವರೇನೋ ಹೇಳೋಕೆ ಹೊರಟಿದ್ದಾರೆ’ ಎಂದು ಎದುರಿನವರಿಗೆ ಗೊತ್ತಾಗಬೇಕಲ್ಲ! ಎದ್ದು ಕಾಫಿಗೆ ಹೋದಿರೋ, ಸ್ವಲ್ಪ ಹೊತ್ತಿಗೆ ಗೊಂಬೆ ನಿಂತಲ್ಲೇ ತೂಕಡಿಸುವವರ ಹಾಗೆ ತಲೆ ಜೋತುಹಾಕುತ್ತದೆ. ಒಳಗೆ ಆಸಾಮಿ ಇಲ್ಲ ಎಂದು ಸಾರುವುದಕ್ಕೆ ಇದಕ್ಕಿಂತ ಚೆಂದದ ಬೋರ್ಡ್ ಉಂಟೆ?

ಅಲ್ಲಿ ಕಣ್ಣು ಮೈಯನ್ನು ಬಿಟ್ಟೂ ತಿರುಗಬಲ್ಲದು. ಗೊಂಬೆ ಗೋಡೆಗೆ ಮುಖ ಮಾಡಿ ನಿಂತಿರಲಿ, ಕ್ಯಾಮೆರಾ ಮಾತ್ರ ಹಾರಿಹೋಗಿ ಹಿಂದೆ ಕೂತವರನ್ನು ದಿಟ್ಟಿಸಬಹುದು. ಕದ್ದು ನೋಡುವವರಿಗೆ ಹಬ್ಬ! ಆದರೆ ಬಳಕೆದಾರರೂ ಕಡಿಮೆಯವರಲ್ಲ. ಸೆಟಿಂಗ್ಸ್‌ನಲ್ಲಿ ಒಂದು ಆಯ್ಕೆ ಒತ್ತಿದರೆ ಯಾರ ನೋಟ ಎಲ್ಲಿ ನೆಟ್ಟಿದೆ ಎಂಬುದು ಬಣ್ಣದ ಗುರುತಾಗಿ ಗಾಳಿಯಲ್ಲಿ ಮೂಡುತ್ತದೆ. ನಮ್ಮ ಬಸ್ ಸ್ಟ್ಯಾಂಡುಗಳಲ್ಲಿ ಇಂಥದ್ದೊಂದು ಇದ್ದಿದ್ದರೆ ಎಷ್ಟು ಜನ ಸಿಕ್ಕಿಬೀಳುತ್ತಿದ್ದರೋ!

ಇಷ್ಟೂ ಎಂಜಿನಿಯರುಗಳ ಕೈಚಳಕ. ರೋಮಾಂಚನ ಹುಟ್ಟಿಸುವುದು ಮಾತ್ರ ಯಾರೂ ಬರೆಯದೇ ಬಂದ ನಡವಳಿಕೆ. 2007ರಲ್ಲಿ ಸಂಶೋಧಕರಾದ ನಿಕ್ ಯೀ, ಜೆರೆಮಿ ಬೈಲೆನ್ಸನ್ ಮತ್ತು ಸಂಗಡಿಗರು ಸೆಕೆಂಡ್ ಲೈಫಿನ ಜೋಡಿಗಳು ಎಷ್ಟು ದೂರದಲ್ಲಿ ನಿಲ್ಲುತ್ತವೆ, ಯಾವ ಕೋನಕ್ಕೆ ಮುಖ ಮಾಡುತ್ತವೆ ಎಂದು ಅಳೆದು ಪ್ರಕಟಿಸಿದರು. ಎರಡು ಗಂಡು ಗೊಂಬೆಗಳ ನಡುವಿನ ಅಂತರ ಎರಡು ಹೆಣ್ಣು ಗೊಂಬೆಗಳ ನಡುವಿನದಕ್ಕಿಂತ ಹೆಚ್ಚು. ಗಂಡುಗಳು ಪರಸ್ಪರ ಮುಖ ನೋಡುವುದೂ ಕಡಿಮೆ. ಜೋಡಿ ಹತ್ತಿರವಾದಷ್ಟೂ ನೋಟ ಪಕ್ಕಕ್ಕೆ ಸರಿಯುತ್ತದೆ. ತುಂಬಿದ ಬಸ್ಸಿನಲ್ಲಿ ಮೈಗೆ ಮೈ ತಾಗಿದಾಗ ನಾವೆಲ್ಲ ಕಿಟಕಿಯಾಚೆ ನೋಡುವುದಿಲ್ಲವೆ? ಇದನ್ನೇ ಮನಶ್ಶಾಸ್ತ್ರಜ್ಞರಾದ ಆರ್ಗೈಲ್ ಮತ್ತು ಡೀನ್ 1965ರಲ್ಲಿ ವಿವರಿಸಿದ್ದರು: ದೂರ ಕುಗ್ಗಿದರೆ ನೋಟ ಕುಗ್ಗಿ ಸಮತೋಲ ಬರುತ್ತದೆ. ಮೌಸ್ ಹಿಡಿದ ಕೈಗೂ ಈ ಸಂಕೋಚ ಇಳಿದು ಬಂದಿದೆ ಎಂದರೆ!

ಬೈಲೆನ್ಸನ್ ತಂಡ ಸೆಕೆಂಡ್ ಲೈಫಿನ ಅಧ್ಯಯನಕ್ಕೂ ಮೊದಲೇ ಜನರ ತಲೆಗೆ ಹೆಡ್‌ಸೆಟ್ ಹಾಕಿ, ಕೃತಕ ಮನುಷ್ಯಾಕೃತಿಯ ಸುತ್ತ ಓಡಾಡಿಸಿತ್ತು. ಬೆನ್ನ ಹಿಂದೆ ಸುಳಿಯುವಾಗಿನದಕ್ಕಿಂತ ಮುಖದೆದುರು ಸುಳಿಯುವಾಗ ಜನ ಹೆಚ್ಚು ಜಾಗ ಬಿಟ್ಟರು. ಅಲ್ಲಿ ಯಾರೂ ನಿಂತಿಲ್ಲ ಎಂಬುದು ತಲೆಗೆ ಗೊತ್ತು, ಕಾಲಿಗೆ ಗೊತ್ತಿಲ್ಲ.

ಹಾಗಂತ ಎಲ್ಲರೂ ಮರ್ಯಾದಸ್ಥರಲ್ಲ. ಮೈಮೇಲೆ ಬೀಳುವವರ ಕಾಟದ ದೂರು ಎದ್ದಾಗ ಮೆಟಾ ಕಂಪನಿ 2022ರ ಫೆಬ್ರವರಿಯಲ್ಲಿ ತನ್ನ ‘ಹೊರೈಜನ್’ ಲೋಕಗಳಲ್ಲಿ ಪ್ರತಿ ಗೊಂಬೆಯ ಸುತ್ತ ಕಾಣದ ಬೇಲಿ ಹಾಕಿತು. ಇಬ್ಬರ ನಡುವೆ ಸುಮಾರು ನಾಲ್ಕು ಅಡಿ ಅಂತರ. ಮೇಲೆ ನುಗ್ಗಲು ಹೋದರೆ ಹೆಜ್ಜೆ ಅಲ್ಲೇ ನಿಲ್ಲುತ್ತಿತ್ತು. ಕೈಗೆ ಕೈ ತಟ್ಟಬೇಕೆಂದರೆ ಇಬ್ಬರೂ ತೋಳು ಉದ್ದಕ್ಕೆ ಚಾಚಬೇಕಿತ್ತು. ದೇವನಹಳ್ಳಿಯ ಅವಳಿ ಟರ್ಮಿನಲ್ಲಿಗೆ ಇನ್ನು ಮುಂದೆ ಯಾರಾದರೂ ಗೊಂಬೆಗಳನ್ನು ರೂಪಿಸುವುದಾದರೆ ನನ್ನದೊಂದು ಸಲಹೆ ಇದೆ: ಈ ತೋಳು ಚಾಚುವ ಕಸರತ್ತು ಬಿಟ್ಟು, ಕೈಮುಗಿಯುವುದನ್ನು ಕಲಿಸಿ. ನಾಲ್ಕಡಿ ದೂರದಿಂದ ನಮಸ್ಕಾರ ಸಲೀಸಾಗಿ ಮುಟ್ಟುತ್ತದೆ!