ಸ್ವಲೀನತೆ ಮತ್ತು ತಂಡದ ಆಟಗಳು

ಸ್ವಲೀನತೆ (ಆಟಿಸಂ) ಉಳ್ಳ ಅನೇಕ ಮಕ್ಕಳು ಮತ್ತು ವಯಸ್ಕರು ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್, ಕಬಡ್ಡಿ, ಖೋ ಖೋ ಮೊದಲಾದ ತಂಡದ ಆಟಗಳಲ್ಲಿ ಪಾಲ್ಗೊಳ್ಳಲು ಇಷ್ಟಪಡುವುದಿಲ್ಲ. ಈ ಅನಿಚ್ಛೆಯನ್ನು ಶಾಲೆಗಳಲ್ಲಿಯೂ ಮನೆಗಳಲ್ಲಿಯೂ ಬಹುಕಾಲದಿಂದ ಸೋಮಾರಿತನ, ಹಟ ಅಥವಾ ಜನರೊಡನೆ ಬೆರೆಯಲು ಮನಸ್ಸಿಲ್ಲದಿರುವುದು ಎಂದು ಅರ್ಥೈಸುತ್ತ ಬರಲಾಗಿದೆ. ವಾಸ್ತವದಲ್ಲಿ ಇವರಲ್ಲಿ ಬಹುಪಾಲು ಜನರು ನಿರಾಕರಿಸುವುದು ದೈಹಿಕ ಶ್ರಮವನ್ನಲ್ಲ, ಆಟವನ್ನೂ ಅಲ್ಲ. ಇತರರ ನಡೆಯನ್ನು ಕ್ಷಣಾರ್ಧದಲ್ಲಿ ಊಹಿಸುವುದು, ಗದ್ದಲ ಮತ್ತು ಸ್ಪರ್ಶವನ್ನು ಸಹಿಸುವುದು, ಚಲಿಸುವ ಚೆಂಡನ್ನು ಹಿಡಿಯುವುದು, ತಪ್ಪಿದರೆ ಎಲ್ಲರ ಎದುರು ಆ ತಪ್ಪಿನ ಹೊಣೆ ಹೊರುವುದು, ಇವೆಲ್ಲವನ್ನೂ ಏಕಕಾಲದಲ್ಲಿ ಬೇಡುವ ಸನ್ನಿವೇಶವನ್ನು ಅವರು ನಿರಾಕರಿಸುತ್ತಾರೆ. ಇದೇ ವ್ಯಕ್ತಿಗಳು ಈಜು, ಓಟ, ಸೈಕಲ್ ಸವಾರಿ ಅಥವಾ ಚಾರಣವನ್ನು ಉತ್ಸಾಹದಿಂದ ಮಾಡುವುದುಂಟು.

ತಂಡದ ಆಟವನ್ನು ಇಷ್ಟಪಡದಿರುವುದು ಸ್ವಲೀನತೆಯ ಲಕ್ಷಣವಲ್ಲ. ಸ್ವಲೀನರಲ್ಲದ ಎಷ್ಟೋ ಜನರಿಗೂ ಇಂತಹ ಆಟಗಳು ಹಿಡಿಸುವುದಿಲ್ಲ. ಸ್ವಲೀನರಲ್ಲಿ ಕೆಲವರು ತಂಡದ ಆಟಗಳಲ್ಲಿಯೇ ಉನ್ನತ ಮಟ್ಟವನ್ನು ತಲುಪಿದ್ದಾರೆ. ಆದ್ದರಿಂದ ಕೇವಲ ಆಟದ ಮೈದಾನದ ವರ್ತನೆಯನ್ನು ನೋಡಿ ಮಗುವಿಗೆ ಸ್ವಲೀನತೆ ಇದೆ ಅಥವಾ ಇಲ್ಲ ಎಂದು ತೀರ್ಮಾನಿಸಲಾಗದು.

ಹಿನ್ನೆಲೆ

ಸ್ವಲೀನತೆಯ ಕುರಿತ ಆರಂಭದ ವೈದ್ಯಕೀಯ ಬರಹಗಳಲ್ಲಿಯೇ ಚಲನೆಯ ವಿಷಯ ಕಾಣಿಸಿಕೊಂಡಿದೆ. ಅಮೆರಿಕದ ಬಾಲ್ಟಿಮೋರ್‌ನಲ್ಲಿದ್ದ ಲಿಯೋ ಕ್ಯಾನರ್ 1943ರಲ್ಲಿ 11 ಮಕ್ಕಳನ್ನು ಕುರಿತು ಬರೆದ ಪ್ರಬಂಧದಲ್ಲಿ, ಅವರಲ್ಲಿ ಹಲವರ ನಡಿಗೆ ಮತ್ತು ದೊಡ್ಡ ಅಂಗಚಲನೆಗಳು ಸ್ವಲ್ಪ ಒಡ್ಡೊಡ್ಡಾಗಿದ್ದವೆಂದೂ ಬೆರಳುಗಳ ಸೂಕ್ಷ್ಮ ಕೆಲಸದಲ್ಲಿ ಎಲ್ಲರೂ ಚತುರರಾಗಿದ್ದರೆಂದೂ ಗುರುತಿಸಿದನು. ಮರುವರ್ಷ ವಿಯೆನ್ನಾದ ಹಾನ್ಸ್ ಆಸ್ಪರ್ಗರ್ ತಾನು ಕಂಡ ಬಾಲಕರಲ್ಲಿ ಚಲನೆಯ ಅಸಹಜತೆಯನ್ನು ಹೆಚ್ಚು ವಿಸ್ತಾರವಾಗಿ ವಿವರಿಸಿದನು. ಗುಂಪಿನ ವ್ಯಾಯಾಮದ ಲಯಕ್ಕೆ ಹೊಂದಿಕೊಳ್ಳಲಾಗದ ಬಾಲಕನೊಬ್ಬನ ಚಿತ್ರಣ ಅವನ ಬರಹದಲ್ಲಿದೆ. ಬ್ರಿಟನ್ನಿನ ಮನೋವೈದ್ಯೆ ಲೋರ್ನಾ ವಿಂಗ್ 1981ರಲ್ಲಿ ಆಸ್ಪರ್ಗರನ ಕೆಲಸವನ್ನು ಇಂಗ್ಲಿಷ್ ಓದುಗರಿಗೆ ಪರಿಚಯಿಸಿದಾಗಲೂ ಆಟಗಳಲ್ಲಿನ ಹಿಂದುಳಿಯುವಿಕೆಯ ಪ್ರಸ್ತಾಪ ಬಂದಿತು.

ಈ ಗಮನಿಕೆಗಳೆಲ್ಲ ಹೊರಗಿನಿಂದ ನೋಡಿದವರವು. ಮಗು ಆಡಲಾರದು ಎಂಬುದನ್ನು ಅವು ದಾಖಲಿಸಿದವೇ ಹೊರತು ಆಡುವಾಗ ಮಗುವಿಗೆ ಏನೆನಿಸುತ್ತದೆ ಎಂದು ಕೇಳಲಿಲ್ಲ. ಸ್ವಲೀನ ವಯಸ್ಕರೇ ತಮ್ಮ ಶಾಲಾದಿನಗಳ ಬಗ್ಗೆ ಬರೆಯತೊಡಗಿದ ಮೇಲೆ ಈ ಎರಡನೆಯ ಪ್ರಶ್ನೆಗೆ ಉತ್ತರಗಳು ದೊರೆಯತೊಡಗಿದವು.

ಇತರರ ನಡೆಯನ್ನು ಊಹಿಸುವ ಹೊರೆ

ತಂಡದ ಆಟದಲ್ಲಿ ಮುಖ್ಯವಾದ ಸಂವಹನ ಮಾತಿನಲ್ಲಿ ನಡೆಯುವುದಿಲ್ಲ. ಫುಟ್‌ಬಾಲಿನಲ್ಲಿ ಜೊತೆಗಾರನು ಒಮ್ಮೆ ಕಣ್ಣು ಹಾಯಿಸಿದರೆ, ಭುಜವನ್ನು ತುಸು ತಿರುಗಿಸಿದರೆ, ಚೆಂಡು ಎಲ್ಲಿಗೆ ಬರಲಿದೆ ಎಂದು ಉಳಿದವರು ತಿಳಿಯಬೇಕು. ಎದುರಾಳಿಯು ಇದೇ ಸಂಜ್ಞೆಗಳನ್ನು ಮೋಸಗೊಳಿಸಲು ಬಳಸುತ್ತಾನೆ. ಅಂದರೆ ಆಟಗಾರನು ಸಂಜ್ಞೆಯನ್ನು ಓದುವುದಷ್ಟೇ ಅಲ್ಲದೆ ಅದು ನಿಜವೋ ಸೋಗೋ ಎಂಬುದನ್ನೂ ನಿರ್ಧರಿಸಬೇಕು; ಅದೂ ಓಡುತ್ತಿರುವಾಗ, ಒಂದು ಸೆಕೆಂಡಿಗಿಂತ ಕಡಿಮೆ ಅವಧಿಯಲ್ಲಿ. ಮುಖಭಾವ ಮತ್ತು ಅಂಗಸನ್ನೆಗಳನ್ನು ಪ್ರಯತ್ನಪೂರ್ವಕವಾಗಿ ಯೋಚಿಸಿ ಅರ್ಥಮಾಡಿಕೊಳ್ಳುವ ವ್ಯಕ್ತಿಗೆ ಈ ಅವಧಿ ಸಾಲದು. ಅವನು ಸರಿಯಾದ ತೀರ್ಮಾನಕ್ಕೆ ಬರುವ ಹೊತ್ತಿಗೆ ಚೆಂಡು ಬೇರೆಡೆ ಹೋಗಿರುತ್ತದೆ.

ಡೈನಾ ಮರ್ರೆ, ಮೈಕ್ ಲೆಸ್ಸರ್ ಮತ್ತು ವೆನ್ ಲಾಸನ್ 2005ರಲ್ಲಿ ವಿವರಿಸಿದ 'ಮಾನೊಟ್ರೊಪಿಸಂ' ಎಂಬ ಸಿದ್ಧಾಂತ ಇಲ್ಲಿ ಉಪಯುಕ್ತವಾಗಿದೆ. ಇದರ ಪ್ರಕಾರ ಸ್ವಲೀನ ವ್ಯಕ್ತಿಗಳ ಗಮನವು ಒಂದು ಸಮಯದಲ್ಲಿ ಕೆಲವೇ ವಿಷಯಗಳ ಮೇಲೆ ಆಳವಾಗಿ ನೆಲೆಗೊಳ್ಳುತ್ತದೆ. ಅದನ್ನು ಹಲವು ಕಡೆಗೆ ಹಂಚುವುದು ಅಥವಾ ಥಟ್ಟನೆ ಬದಲಿಸುವುದು ಕಷ್ಟ. ಚೆಂಡು, ಜೊತೆಗಾರರು, ಎದುರಾಳಿಗಳು, ಗೆರೆಗಳು, ಅಂಕ, ತರಬೇತುದಾರನ ಕೂಗು ಇವೆಲ್ಲದರ ಮೇಲೂ ಗಮನವನ್ನು ಚೆಲ್ಲಿಕೊಂಡಿರಬೇಕೆನ್ನುವ ಆಟವು ಇಂತಹ ಮನಸ್ಸಿನ ಸ್ವಭಾವಕ್ಕೆ ನೇರವಾಗಿ ವಿರುದ್ಧವಾಗಿದೆ. ಬಿಲ್ಲುಗಾರಿಕೆ, ದೂರದ ಓಟ ಅಥವಾ ಈಜು ಹಾಗಲ್ಲ. ಅಲ್ಲಿ ಆಳವಾದ ಏಕಾಗ್ರತೆಯೇ ಬಲ.

ಸಂವಹನದ ತೊಡಕು ಸ್ವಲೀನರೊಬ್ಬರ ಕೊರತೆ ಎಂಬ ಅಭಿಪ್ರಾಯವನ್ನು ಸ್ವತಃ ಸ್ವಲೀನರಾದ ಬ್ರಿಟಿಷ್ ಸಮಾಜಶಾಸ್ತ್ರಜ್ಞ ಡೇಮಿಯನ್ ಮಿಲ್ಟನ್ 2012ರಲ್ಲಿ ಪ್ರಶ್ನಿಸಿದರು. ಇಬ್ಬರ ಅನುಭವಲೋಕಗಳು ಬೇರೆಬೇರೆಯಾಗಿದ್ದಾಗ ತಪ್ಪು ತಿಳಿವಳಿಕೆ ಎರಡೂ ಕಡೆಯಿಂದ ಉಂಟಾಗುತ್ತದೆ ಎಂಬುದು ಅವರ ವಾದ. ಇದನ್ನು 'ಡಬಲ್ ಎಂಪಥಿ' ಸಮಸ್ಯೆ ಎಂದು ಕರೆಯಲಾಗುತ್ತದೆ. ಕ್ಯಾಥರಿನ್ ಕ್ರಾಂಪ್ಟನ್ ಮತ್ತು ಸಂಗಡಿಗರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಬ್ಬರಿಂದೊಬ್ಬರಿಗೆ ಕಥೆಯನ್ನು ದಾಟಿಸುವ ಕೆಲಸವನ್ನು ಸ್ವಲೀನರಷ್ಟೇ ಇದ್ದ ಸಾಲುಗಳು ಸ್ವಲೀನರಲ್ಲದವರ ಸಾಲುಗಳಷ್ಟೇ ಚೆನ್ನಾಗಿ ಮಾಡಿದವು. ಮಾಹಿತಿ ಹೆಚ್ಚು ಸೋರಿಹೋದದ್ದು ಮಿಶ್ರ ಸಾಲುಗಳಲ್ಲಿ. ಆ ಪ್ರಯೋಗ ಆಟದ ಮೈದಾನದಲ್ಲಿ ನಡೆದುದಲ್ಲ. ಆದರೂ ಶಾಲೆಯ ತಂಡಗಳೆಲ್ಲವೂ ಬಹುಮಟ್ಟಿಗೆ ಮಿಶ್ರ ಸಾಲುಗಳೇ, ಅವುಗಳಲ್ಲಿ ಸ್ವಲೀನ ಮಗು ಸಾಮಾನ್ಯವಾಗಿ ಒಂಟಿ ಎಂಬುದನ್ನು ನೆನೆದರೆ ಅದರ ಫಲಿತಾಂಶ ಗಮನಾರ್ಹವೆನಿಸುತ್ತದೆ.

ಚಲನೆ ಮತ್ತು ಚೆಂಡು

ಸ್ವಲೀನ ಮಕ್ಕಳಲ್ಲಿ ಅಂಗಚಲನೆಯ ಹೊಂದಾಣಿಕೆಯ ತೊಂದರೆಗಳು ಸಾಮಾನ್ಯವಾಗಿ ಕಂಡುಬರುತ್ತವೆ. ಕ್ಯಾರೊಲೈನ್ ವಯಟ್ ಮತ್ತು ಕ್ಯಾಥಿ ಕ್ರೇಗ್ 7ರಿಂದ 10 ವರ್ಷದ ಮಕ್ಕಳ ಬಗ್ಗೆ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಚೆಂಡು ಹಿಡಿಯುವುದು ಮತ್ತು ನಿಂತಲ್ಲೇ ಸಮತೋಲನ ಕಾಯ್ದುಕೊಳ್ಳುವುದು ಎದ್ದುಕಾಣುವ ತೊಡಕುಗಳಾಗಿದ್ದವು. ಚೆಂಡನ್ನು ಹಿಡಿಯಲು ಅದು ಈಗ ಎಲ್ಲಿದೆ ಎಂದು ತಿಳಿದರೆ ಸಾಲದು. ಮುಂದಿನ ಗಳಿಗೆಯಲ್ಲಿ ಎಲ್ಲಿರುತ್ತದೆ ಎಂದು ಕಣ್ಣಿನಿಂದ ಅಂದಾಜಿಸಿ, ಅಷ್ಟರೊಳಗೆ ಕೈಯನ್ನು ಅಲ್ಲಿಗೆ ತರಬೇಕು.

ಇದಕ್ಕೆ ಪೂರಕವಾದ ಇನ್ನೊಂದು ಸಂಗತಿ 2009ರಲ್ಲಿ ಬಾಲ್ಟಿಮೋರ್‌ನ ಸಂಶೋಧಕರಿಂದ ತಿಳಿದುಬಂದಿತು. ಯಂತ್ರದ ತೋಳನ್ನು ಹಿಡಿದು ಹೊಸ ಚಲನೆಯನ್ನು ಕಲಿಯುವಾಗ ಸ್ವಲೀನ ಮಕ್ಕಳು ಕಣ್ಣಿಗೆ ಕಾಣುವುದಕ್ಕಿಂತ ತಮ್ಮ ಸ್ನಾಯು ಮತ್ತು ಕೀಲುಗಳಿಂದ ಬರುವ ಒಳಗಿನ ಅರಿವನ್ನು ಹೆಚ್ಚು ನೆಚ್ಚುತ್ತಿದ್ದರು. ದೈಹಿಕ ಶಿಕ್ಷಣದ ತರಗತಿಯಲ್ಲಿ ಬಳಕೆಯಲ್ಲಿರುವ 'ನಾನು ಮಾಡಿದ್ದನ್ನು ನೋಡಿ ನೀವೂ ಮಾಡಿ' ಎಂಬ ಪದ್ಧತಿ ಇಂತಹ ಮಕ್ಕಳಿಗೆ ಏಕೆ ಫಲಿಸುವುದಿಲ್ಲ ಎಂಬುದನ್ನು ಇದು ಭಾಗಶಃ ವಿವರಿಸಬಲ್ಲದು. ನೀರಿನಲ್ಲಿ ಇಡೀ ಮೈಗೆ ಒತ್ತಡದ ಅರಿವಾಗುತ್ತದೆ, ಕೈಕಾಲುಗಳ ಚಲನೆ ಪುನರಾವರ್ತನೆಗೊಳ್ಳುತ್ತದೆ, ಯಾರ ಕಡೆಗೂ ನೋಡಬೇಕಾಗಿಲ್ಲ. ಈಜು ಅನೇಕ ಸ್ವಲೀನರಿಗೆ ಪ್ರಿಯವಾಗಿರುವುದು ಅಚ್ಚರಿಯಲ್ಲ.

ಶಬ್ದ, ಸ್ಪರ್ಶ, ವಾಸನೆ

ಅಮೆರಿಕದ ಮನೋವೈದ್ಯಕೀಯ ಸಂಘವು 2013ರಲ್ಲಿ ಹೊರತಂದ ರೋಗನಿರ್ಣಯ ಕೈಪಿಡಿಯ 5ನೆಯ ಆವೃತ್ತಿಯು ಇಂದ್ರಿಯ ಸಂವೇದನೆಯ ಹೆಚ್ಚಳ ಅಥವಾ ಕೊರತೆಯನ್ನು ಸ್ವಲೀನತೆಯ ಮಾನದಂಡಗಳಲ್ಲಿ ಸೇರಿಸಿತು. ಆಟದ ಅಂಗಳ ಇಂತಹ ಸಂವೇದನೆಗಳ ಸಂತೆಯೇ ಸರಿ. ಒಳಾಂಗಣದಲ್ಲಿ ಚೆಂಡಿನ ಬಡಿತ ಮತ್ತು ಬೂಟುಗಳ ಕಿರ್ರೆನ್ನುವ ಸದ್ದು ಗೋಡೆಗಳಿಂದ ಮರುದನಿಸುತ್ತವೆ. ರೆಫ್ರಿಯ ಸೀಟಿ ಯಾವಾಗ ಮೊಳಗುವುದೆಂದು ಮೊದಲೇ ತಿಳಿಯುವುದಿಲ್ಲ. ಅದು ಮೊಳಗುವ ಮೊದಲಿನ ಕಾಯುವಿಕೆಯೇ ಕೆಲವರಿಗೆ ಸೀಟಿಗಿಂತ ಹೆಚ್ಚು ಯಾತನೆಯದು. ಬಟ್ಟೆ ಬದಲಿಸುವ ಕೋಣೆಯಲ್ಲಿ ಬೆವರಿನ ವಾಸನೆ, ಇಕ್ಕಟ್ಟು ಮತ್ತು ಶಿಕ್ಷಕರ ಕಣ್ಣಿಗೆ ಬೀಳದ ಕೀಟಲೆ ಮೂರೂ ಸೇರುತ್ತವೆ.

ಕರ್ನಾಟಕದ ಶಾಲೆಗಳಲ್ಲಿ ಪ್ರಚಲಿತವಾಗಿರುವ ಎರಡು ಆಟಗಳು ಸ್ಪರ್ಶದ ದೃಷ್ಟಿಯಿಂದ ಒಳ್ಳೆಯ ಉದಾಹರಣೆಗಳು. ಖೋ ಖೋ ಆಟದಲ್ಲಿ 8 ಮಂದಿ ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಮುಖಮಾಡಿ ಸಾಲಾಗಿ ಕುಳಿತಿರುತ್ತಾರೆ. ಬೆನ್ನಟ್ಟುವವನು ಹಿಂದಿನಿಂದ ಬಂದು ಬೆನ್ನಿಗೆ ತಟ್ಟಿ 'ಖೋ' ಎಂದು ಕೂಗಿದೊಡನೆ ಕುಳಿತವನು ಎದ್ದು ಓಡಬೇಕು. ಕಾಣದ ದಿಕ್ಕಿನಿಂದ ಬರುವ ಅನಿರೀಕ್ಷಿತ ಸ್ಪರ್ಶ ಮತ್ತು ಕಿವಿಯ ಬಳಿಯ ಕೂಗು, ಸ್ಪರ್ಶಸೂಕ್ಷ್ಮತೆಯುಳ್ಳ ಮಗು ಅತ್ಯಂತ ಹೆದರುವ ಎರಡು ಸಂಗತಿಗಳು, ಈ ಆಟದ ನಿಯಮವೇ ಆಗಿವೆ. ಕಬಡ್ಡಿಯಲ್ಲಿ ರಕ್ಷಣೆಯ ತಂಡದವರು ಕೈಕೈ ಹಿಡಿದು ಸರಪಳಿ ಕಟ್ಟುತ್ತಾರೆ, ದಾಳಿಗಾರನ ಮೇಲೆ ಒಟ್ಟಾಗಿ ಬೀಳುತ್ತಾರೆ. ಇದಕ್ಕೆ ವ್ಯತಿರಿಕ್ತವಾಗಿ ಬಿಗಿಯಾದ, ನಿರೀಕ್ಷಿತವಾದ ಒತ್ತಡ ಕೆಲವು ಸ್ವಲೀನರಿಗೆ ಹಿತಕರವಾಗಿರುತ್ತದೆ. ಅಂಥವರು ಕುಸ್ತಿ, ಜೂಡೊ ಮುಂತಾದವುಗಳಲ್ಲಿ ಸಂತೋಷ ಕಾಣಬಹುದು. ಎಲ್ಲರ ಸಂವೇದನೆಯೂ ಒಂದೇ ತೆರನಾದುದಲ್ಲ.

ಬರೆದ ನಿಯಮ, ಬರೆಯದ ನಿಯಮ

ಸ್ವಲೀನರು ನಿಯಮಗಳನ್ನು ಇಷ್ಟಪಡುತ್ತಾರೆ, ಆದ್ದರಿಂದ ಆಟಗಳು ಅವರಿಗೆ ಒಗ್ಗಬೇಕಲ್ಲವೇ ಎಂಬ ಪ್ರಶ್ನೆ ಸಹಜ. ಆಟದ ಪುಸ್ತಕದಲ್ಲಿರುವ ನಿಯಮಗಳ ಮಟ್ಟಿಗೆ ಈ ಮಾತು ನಿಜ. ಫುಟ್‌ಬಾಲಿಗೆ 17 ಲಿಖಿತ ನಿಯಮಗಳಿವೆ. ಆದರೆ ಎದುರಾಳಿ ಗಾಯಗೊಂಡಾಗ ಚೆಂಡನ್ನು ಬೇಕೆಂದೇ ಹೊರಗೆ ಒದೆಯುವುದು, ಗೆಳೆಯನಿಗೆ ಹೆಚ್ಚು ಅವಕಾಶ ಕೊಡುವುದು, ಚಿಕ್ಕ ತಪ್ಪನ್ನು ನೋಡಿಯೂ ನೋಡದಂತಿರುವುದು ಇವು ಅಲ್ಲಿ ಬರೆದಿಲ್ಲ. ಬಿಡುವಿನ ವೇಳೆಯ ಆಟದಲ್ಲಂತೂ ನಿಯಮ ಗಳಿಗೆಗೊಮ್ಮೆ ಬದಲಾಗುತ್ತದೆ. ಗೆರೆ ದಾಟಿದ ಚೆಂಡನ್ನು 'ಹೊರಗೆ' ಎಂದು ಪ್ರಾಮಾಣಿಕವಾಗಿ ಹೇಳಿದ ಮಗು, ಅದು ತನ್ನದೇ ತಂಡದ ಚೆಂಡಾಗಿದ್ದರೆ, ಬೈಗುಳ ತಿನ್ನುತ್ತದೆ. ತಾನು ಮಾಡಿದ್ದು ಸರಿಯಾಗಿದ್ದೂ ಎಲ್ಲರೂ ಸಿಟ್ಟಾದದ್ದೇಕೆ ಎಂಬುದು ಅದಕ್ಕೆ ಬಿಡಿಸಲಾಗದ ಒಗಟಾಗಿ ಉಳಿಯುತ್ತದೆ.

ಅವಮಾನದ ಪಾತ್ರ

ಮೇಲಿನ ಕಾರಣಗಳು ಆಟವನ್ನು ಕಷ್ಟಕರವಾಗಿಸುತ್ತವೆ. ಅದನ್ನು ಅಸಹನೀಯವಾಗಿಸುವುದು ಬಹಳ ಸಲ ಸುತ್ತಲಿನವರ ನಡವಳಿಕೆ. ಇಬ್ಬರು ನಾಯಕರು ಸರದಿಯಂತೆ ಒಬ್ಬೊಬ್ಬರನ್ನೇ ಆರಿಸಿಕೊಳ್ಳುವ ಪದ್ಧತಿಯಲ್ಲಿ ಕೊನೆಗೆ ಉಳಿಯುವ ಮಗು ತನ್ನ ಬೆಲೆ ಎಷ್ಟೆಂಬುದನ್ನು ಇಡೀ ತರಗತಿಯ ಎದುರು ಪ್ರತಿವಾರ ತಿಳಿಯುತ್ತದೆ. ಓಟದಲ್ಲಿ ಹಿಂದೆ ಬಿದ್ದರೆ ನಷ್ಟ ತನಗೆ ಮಾತ್ರ. ತಂಡದ ಆಟದಲ್ಲಿ ಒಂದು ಕ್ಯಾಚ್ ಕೈಬಿಟ್ಟರೆ ಹತ್ತು ಮಂದಿಯ ಕೋಪಕ್ಕೆ ಗುರಿ. ಕನ್ನಡದ 'ಆಟಕ್ಕುಂಟು, ಲೆಕ್ಕಕ್ಕಿಲ್ಲ' ಎಂಬ ಗಾದೆ ಈ ಮಕ್ಕಳಲ್ಲಿ ಎಷ್ಟೋ ಮಂದಿಯ ಸ್ಥಿತಿಯನ್ನು ಅಕ್ಷರಶಃ ವರ್ಣಿಸುತ್ತದೆ: ಚೆಂಡು ಬಾರದ ಮೂಲೆಯಲ್ಲಿ ನಿಲ್ಲಿಸಿ ಅವರನ್ನು ಸೇರಿಸಿಕೊಂಡಂತೆ ತೋರಿಸಲಾಗುತ್ತದೆ. ಇಂತಹ ಅನುಭವ ವರ್ಷಗಟ್ಟಲೆ ಮುಂದುವರಿದಾಗ ವ್ಯಾಯಾಮವೆಂದರೆ ಅವಮಾನ ಎಂಬ ಭಾವನೆ ಗಟ್ಟಿಯಾಗಿ, ವಯಸ್ಕರಾದ ಮೇಲೂ ಮೈದಾನ ಮತ್ತು ಜಿಮ್‌ಗಳಿಂದ ದೂರವುಳಿಯುವವರಿದ್ದಾರೆ.

ಮೇಲ್ನೋಟಕ್ಕೆ ಚೆನ್ನಾಗಿಯೇ ಆಡುವ ಕೆಲವರು ತಮ್ಮ ಕಷ್ಟವನ್ನು ಮರೆಮಾಚುತ್ತಿರುತ್ತಾರೆ. ಇದನ್ನು 'ಮಾಸ್ಕಿಂಗ್' ಎನ್ನಲಾಗುತ್ತದೆ. ಅಂತಹ ಮಗು ಶಾಲೆಯಲ್ಲಿ ನಗುನಗುತ್ತ ಆಡಿ, ಮನೆಗೆ ಬಂದೊಡನೆ ಅಳುವುದೋ ಮಾತು ಬಿಡುವುದೋ ಉಂಟು.

ತಂಡದ ಆಟಗಳಲ್ಲಿ ಸ್ವಲೀನರು

ಇಂಗ್ಲೆಂಡಿನ ಮಹಿಳಾ ಫುಟ್‌ಬಾಲ್ ತಂಡದ ಲೂಸಿ ಬ್ರಾಂಜ್ ತಮಗೆ ಸ್ವಲೀನತೆ ಮತ್ತು ಎಡಿಎಚ್‌ಡಿ ಇರುವುದು 2021ರಲ್ಲಿ ಪತ್ತೆಯಾಯಿತೆಂದು 2025ರಲ್ಲಿ ಬಹಿರಂಗಪಡಿಸಿದರು. ಎನ್‌ಬಿಎಯಲ್ಲಿ ಆಡಿದ್ದ ಬ್ಯಾಸ್ಕೆಟ್‌ಬಾಲ್ ಆಟಗಾರ ಟೋನಿ ಸ್ನೆಲ್ ತಮ್ಮ ಮಗನಿಗೆ ಸ್ವಲೀನತೆ ಪತ್ತೆಯಾದ ನಂತರ ತಾವೂ ಪರೀಕ್ಷೆಗೆ ಒಳಗಾಗಿ, 31ನೆಯ ವಯಸ್ಸಿನಲ್ಲಿ ತಮ್ಮ ಸ್ಥಿತಿಯನ್ನು ತಿಳಿದರು. ಅಮೆರಿಕದ ಜೇಸನ್ ಮೆಕ್‌ಎಲ್‌ವೇನ್‌ನ ಪ್ರಸಂಗ ಹೆಚ್ಚು ಪ್ರಸಿದ್ಧ. ತನ್ನ ಪ್ರೌಢಶಾಲೆಯ ಬ್ಯಾಸ್ಕೆಟ್‌ಬಾಲ್ ತಂಡದ ಮ್ಯಾನೇಜರ್ ಆಗಿದ್ದ ಅವನು 2006ರ ಫೆಬ್ರವರಿಯಲ್ಲಿ ಪಂದ್ಯವೊಂದರ ಕೊನೆಯ ನಾಲ್ಕು ನಿಮಿಷಗಳಲ್ಲಿ ಅಂಗಳಕ್ಕಿಳಿದು 20 ಅಂಕ ಗಳಿಸಿದನು. ಈ ಘಟನೆಯನ್ನು ಪವಾಡವೆಂಬಂತೆ ಹೇಳುವವರು, ಅಷ್ಟು ನಿಖರವಾಗಿ ಚೆಂಡೆಸೆಯಬಲ್ಲವನು ಅಲ್ಲಿಯವರೆಗೆ ಅಂಗಳದ ಹೊರಗೆ ಕುಳಿತಿದ್ದನೆಂಬುದನ್ನು ಸಾಮಾನ್ಯವಾಗಿ ಗಮನಿಸುವುದಿಲ್ಲ. ವೈಯಕ್ತಿಕ ಕ್ರೀಡೆಗಳಲ್ಲಿ ಬ್ರಿಟನ್ನಿನ ಈಜುಗಾರ್ತಿ ಜೆಸಿಕಾ-ಜೇನ್ ಆ್ಯಪಲ್‌ಗೇಟ್ 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ 200 ಮೀಟರ್ ಫ್ರೀಸ್ಟೈಲ್ ಚಿನ್ನ ಗೆದ್ದರು.

ಆಡದಿದ್ದರೂ ಆಟವನ್ನು ಪ್ರೀತಿಸುವವರು ಇನ್ನೊಂದು ವರ್ಗ. ಕ್ರಿಕೆಟ್‌ನ ಅಂಕಿಅಂಶಗಳನ್ನು ದಶಕಗಳ ಹಿಂದಿನವುಗಳ ಸಹಿತ ನೆನಪಿಟ್ಟುಕೊಂಡಿದ್ದು, ಬ್ಯಾಟ್ ಹಿಡಿಯಲು ಮಾತ್ರ ಒಲ್ಲೆನ್ನುವ ಸ್ವಲೀನರು ಅಪರೂಪವಲ್ಲ. ಅಂಥವರಿಗೆ ಸ್ಕೋರರ್‌ನ ಕೆಲಸ ನಿಜವಾದ ಪಾಲ್ಗೊಳ್ಳುವಿಕೆಯಾಗಬಲ್ಲದು.

ಶಾಲೆ ಮತ್ತು ದೈಹಿಕ ಶಿಕ್ಷಣ

ಲಿಂಡಾ ಬ್ಯಾಂಡಿನಿ ಮತ್ತು ಸಂಗಡಿಗರು 3ರಿಂದ 11 ವರ್ಷದ ಮಕ್ಕಳ ಕುರಿತು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದೇಹಕ್ಕೆ ಕಟ್ಟಿದ ಉಪಕರಣ ಅಳೆದ ಚಟುವಟಿಕೆಯ ಪ್ರಮಾಣ ಸ್ವಲೀನ ಮಕ್ಕಳಲ್ಲಿಯೂ ಇತರರಲ್ಲಿಯೂ ಹೆಚ್ಚುಕಡಿಮೆ ಒಂದೇ ಆಗಿತ್ತು. ಆದರೆ ಪೋಷಕರ ಹೇಳಿಕೆಯಂತೆ ಸ್ವಲೀನ ಮಕ್ಕಳು ಪಾಲ್ಗೊಳ್ಳುವ ಚಟುವಟಿಕೆಗಳ ಬಗೆಗಳು ಕಡಿಮೆಯಿದ್ದವು. ಮೈ ಓಡುತ್ತದೆ, ಜಿಗಿಯುತ್ತದೆ. ಕಿರಿದಾಗುವುದು ಅವಕಾಶಗಳ ವ್ಯಾಪ್ತಿ. ಶಾಲೆಯಲ್ಲಿ ವ್ಯಾಯಾಮವೆಂದರೆ ತಂಡದ ಆಟ ಮಾತ್ರ ಎಂದಾದಾಗ, ಆ ಆಟವನ್ನು ತೊರೆದ ಮಗು ವ್ಯಾಯಾಮವನ್ನೇ ತೊರೆದಂತಾಗುತ್ತದೆ. ಹೃದಯದ ಆರೋಗ್ಯ, ನಿದ್ರೆ, ಮನಸ್ಸಿನ ನೆಮ್ಮದಿ ಇವೆಲ್ಲಕ್ಕೂ ದೈಹಿಕ ಚಟುವಟಿಕೆ ಅಗತ್ಯವಾಗಿರುವುದರಿಂದ ಇದು ಸಣ್ಣ ನಷ್ಟವಲ್ಲ.

ಸುಧಾರಣೆಗೆ ದೊಡ್ಡ ಖರ್ಚು ಬೇಕಾಗಿಲ್ಲ. ತಂಡಗಳನ್ನು ಶಿಕ್ಷಕರೇ ಮೊದಲೇ ಪಟ್ಟಿಮಾಡಿದರೆ ಕೊನೆಗೆ ಉಳಿಯುವವರೇ ಇರುವುದಿಲ್ಲ. ಆಟದ ನಿಯಮ ಮತ್ತು ಅವಧಿಯನ್ನು ಹಿಂದಿನ ದಿನವೇ ಬರೆದುಕೊಡುವುದು, ಸೀಟಿಯ ಬದಲು ಬಾವುಟ ಬಳಸುವುದು, ಕಿವಿಗೆ ರಕ್ಷಣೆ ಧರಿಸಲು ಬಿಡುವುದು, ಬಟ್ಟೆ ಬದಲಿಸಲು ಬೇರೆ ಸಮಯ ನೀಡುವುದು ಸಹಾಯಕ. ಇಬ್ಬರಿಬ್ಬರು ಆಡುವ ಬ್ಯಾಡ್ಮಿಂಟನ್‌ನಂಥ ಆಟಗಳಲ್ಲಿ ಗಮನಿಸಬೇಕಾದವರು ಕಡಿಮೆ. ತಂಡದಲ್ಲಿಯೂ ಗೋಲ್‌ಕೀಪರ್‌ನಂತಹ ಸ್ಥಿರ ಸ್ಥಾನ ಕೆಲವರಿಗೆ ಒಪ್ಪುತ್ತದೆ. ಆದರೆ ಗೋಲು ಬಿಟ್ಟಾಗ ಬೈಯುವ ತಂಡವಾದರೆ ಅದಕ್ಕಿಂತ ಕೆಟ್ಟ ಸ್ಥಾನ ಇನ್ನೊಂದಿಲ್ಲ. 'ಎಲ್ಲರೊಡನೆ ಬೆರೆತರೆ ಸರಿಹೋಗುತ್ತದೆ' ಎಂದು ಬಲವಂತವಾಗಿ ಆಡಿಸುವುದರಿಂದ ಸಾಮಾಜಿಕ ಕೌಶಲ ಬೆಳೆಯುತ್ತದೆಂಬ ನಂಬಿಕೆ ವ್ಯಾಪಕವಾಗಿದ್ದರೂ, ಬಲವಂತವು ಬೆಳೆಸುವುದು ಹೆಚ್ಚಾಗಿ ಭಯವನ್ನೇ.

ಭಾರತದಲ್ಲಿ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯು ಗುರುತಿಸಿರುವ ಅಂಗವಿಕಲತೆಗಳಲ್ಲಿ ಸ್ವಲೀನತೆಯೂ ಸೇರಿದೆ. ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಿಕ್ಷಣ ಸಂಸ್ಥೆಗಳು ಇಂತಹ ಮಕ್ಕಳಿಗೆ ಶಿಕ್ಷಣದ ಜೊತೆಗೆ ಕ್ರೀಡೆ ಮತ್ತು ಮನರಂಜನೆಯ ಅವಕಾಶವನ್ನು ಇತರರಿಗೆ ಸಮಾನವಾಗಿ ಒದಗಿಸಬೇಕೆಂದು ಅದರ 16ನೆಯ ಪ್ರಕರಣ ಹೇಳುತ್ತದೆ. 30ನೆಯ ಪ್ರಕರಣ ಕ್ರೀಡಾ ಚಟುವಟಿಕೆಗಳಿಗೇ ಮೀಸಲಾಗಿದೆ. ಬ್ರಿಟನ್ನಿನಲ್ಲಿ 2010ರ ಸಮಾನತೆ ಕಾಯ್ದೆಯ ಅಡಿಯಲ್ಲಿ ಶಾಲೆಗಳು ಸೂಕ್ತ ಹೊಂದಾಣಿಕೆಗಳನ್ನು ಮಾಡಿಕೊಡಬೇಕಾಗುತ್ತದೆ.